ಹಲಸು, ಬೀಟೆ ಮತ್ತು ಒಂದು ಪುಟ್ಟ ಪೆಟ್ಟಿಗೆ

ಕೊಪ್ಪಳದಲ್ಲಿ ಮರದ ಕೆಲಸ ಅಂದರೆ ಮೊದಲು ಬಾಯಿಗೆ ಬರುವುದು ಕಿನ್ನಾಳ. ಅಲ್ಲಿ ಹಗುರ ಮರಕ್ಕೆ ಬಣ್ಣ ಹಚ್ಚಿ ಮೆರೆಸುತ್ತಾರೆ. ನನಗೆ ಮಾತ್ರ ಮರದ ಸ್ವಂತ ಬಣ್ಣದ ಮೇಲೆ ಆಸೆ.

ಪುಟ್ಟ ಪೆಟ್ಟಿಗೆ ಮಾಡಲು ಬಡಿಗೇರರ ಅಂಗಡಿಯಲ್ಲಿ ಉಳಿದ ತುಂಡುಗಳೇ ಸಾಕು. ಮೈಗೆ ಹಲಸು, ಮುಚ್ಚಳಕ್ಕೆ ಬೀಟೆ. ಹಲಸಿನ ಹಳದಿ ಪಕ್ಕ ಬೀಟೆಯ ಕಪ್ಪು ಗೆರೆ ಎಷ್ಟು ಚೆಂದ ಎದ್ದು ಕಾಣುತ್ತದೆ ಅಂತೀರಿ! ಆ ಹಳದಿ ವರ್ಷ ಕಳೆದಂತೆ ಕಂದಾಗುತ್ತದೆ, ಅದು ಇನ್ನೂ ಚೆಂದ.

ನಾಲ್ಕೂ ಬದಿಯನ್ನು ಒಂದೇ ಪಟ್ಟಿಯಿಂದ ಸಾಲಾಗಿ ಕೊಯ್ಯಿರಿ. ಆಗ ಮರದ ಎಳೆ ಮೂರು ಮೂಲೆಯಲ್ಲಿ ಮುರಿಯದೆ ಹರಿಯುತ್ತದೆ, ಕೂಡದ ನಾಲ್ಕನೆಯದನ್ನು ಹಿಂದಕ್ಕೆ ಇಟ್ಟರಾಯಿತು. 45 ಡಿಗ್ರಿ ಮೂಲೆಗೆ ಬರೀ ಅಂಟು ಸಾಲದು. ಗರಗಸದಿಂದ ಸೀಳು ಹಾಕಿ ಬೀಟೆಯ ತೆಳು ಚಕ್ಕೆ ಕೂರಿಸಿ. ತಳದ ಹಲಗೆಗೆ ಅಂಟು ಬೇಡವೇ ಬೇಡ: ನಮ್ಮ ಬಿಸಿಲಿಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ, ಅದೂ ಎಳೆಗೆ ಅಡ್ಡಲಾಗಿಯೇ ಜಾಸ್ತಿ, ಬಿಗಿ ಮಾಡಿದರೆ ಸೀಳುತ್ತದೆ ಅಲ್ವಾ?

ಎರಡೂ ಮರವನ್ನು ಒಟ್ಟಿಗೆ ಉಜ್ಜಬೇಡಿ, ಬೀಟೆಯ ಪುಡಿ ಹಲಸಿನೊಳಗೆ ಇಳಿದು ಮಸಿ ಬಳಿದಂತಾಗುತ್ತದೆ. ಕೊನೆಗೆ ಅಗಸೆ ಎಣ್ಣೆ, ತೆಳ್ಳಗೆ. ಎಣ್ಣೆ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಬಯಲಲ್ಲಿ ಬಿಡಿಸಿ ಒಣಹಾಕಿ.