ಜೇಡದ ಕೋಲೇ ಈಟಿ

ನಮ್ಮ ಮನೆಯಲ್ಲಿ ಎರಡು ವಾರ ಜೇಡರ ಬಲೆ ತೆಗೆಯಲಿಲ್ಲ. ಕೋಲು ಯುದ್ಧಕ್ಕೆ ಹೋಗಿತ್ತು.

ಮಗನಿಗೆ ಹತ್ತು ವರ್ಷ. ಸ್ಕೂಲಿಗೆ ಹೋಗುವುದಿಲ್ಲ, ಮನೆಯಲ್ಲೇ ಓದು. (ಯಾಕೆ ಅಂತ ಇಲ್ಲಿ ಮತ್ತೆ ಶುರು ಮಾಡುವುದಿಲ್ಲ. ನೆಂಟರ ಮದುವೆಗಳಲ್ಲಿ ಹೇಳಿ ಹೇಳಿ ಸಾಕಾಗಿದೆ.) ತಿಂಗಳಿಗೊಮ್ಮೆ ನಮ್ಮಂಥ ಏಳೆಂಟು ಮನೆಯವರು ಯಾರದಾದರೂ ಟೆರೇಸಿನ ಮೇಲೆ ಸೇರುತ್ತೇವೆ. ಈ ಸಲ ಮಕ್ಕಳು ಚರಿತ್ರೆಯ ಒಬ್ಬ ಯೋಧನ ವೇಷ ಹಾಕಬೇಕಿತ್ತು. ‘ನಾನು’ ಅಂತಲೇ ಮಾತಾಡಬೇಕು, ಯಾರು ಏನು ಕೇಳಿದರೂ ಉತ್ತರ ಕೊಡಬೇಕು.

ಸಂಗೊಳ್ಳಿ ರಾಯಣ್ಣ ಆಗ್ತಾನೆ ಅಂತ ನಾನು ಮನಸ್ಸಿನಲ್ಲೇ ಕಂಬಳಿ ಹೊಂದಿಸಿ ಇಟ್ಟಿದ್ದೆ. ಅವನು ಮೈಸೂರು ಲ್ಯಾನ್ಸರ್ಸ್ ಅಂದ, ಮಹಾರಾಜರ ಈಟಿ ಹಿಡಿದ ಕುದುರೆ ಸವಾರರ ಪಡೆ. ದೊಡ್ಡ ಕಾರಣವೇನೂ ಇಲ್ಲ, ಕುದುರೆ. ಜೆ.ಸಿ. ನಗರದಲ್ಲಿ ಅವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಕಂಬ ಇದೆ. ಬಸ್ಸಿನಲ್ಲಿ ಅದರ ಪಕ್ಕ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಅದು ಏನು ಅಂತ ಒಮ್ಮೆ ಅವನು ಕೇಳಿದ್ದ, ನಾನು "ಏನೋ ಸ್ಮಾರಕ ಕಣೋ" ಅಂದಿದ್ದೆ. ಆ ‘ಏನೋ’ ಅವನ ತಲೆಯಲ್ಲಿ ಉಳಿದಿತ್ತು ಅಂತ ಕಾಣುತ್ತೆ.

ಹಾಗಾಗಿ ಇಬ್ಬರೂ ಕೂತು ಓದಿದೆವು. ಮೊದಲ ಮಹಾಯುದ್ಧ ಶುರುವಾದ 1914ರಲ್ಲೇ ನಮ್ಮ ಕುದುರೆ ಸವಾರರು ಹಡಗು ಹತ್ತಿ ಈಜಿಪ್ಟಿಗೆ ಹೋಗಿದ್ದರು. ಮೊದಲು ಸೂಯೆಜ್ ಕಾಲುವೆ ಕಾಯುವ ಕೆಲಸ. ಆಮೇಲೆ ಮರುಭೂಮಿ ದಾಟಿ ಪ್ಯಾಲೆಸ್ಟೈನ್. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆ ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು ಅಂತ ಓದಿದಾಗ ಪಕ್ಕದಲ್ಲಿದ್ದ ತಾತ ಪೇಪರ್ ಕೆಳಗಿಟ್ಟರು. ಅವರು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. "ಆಗಿನ ಕಾಲದ 50 ಲಕ್ಷವಾ?" ಅಂದರು. ಆ ದಿನವೆಲ್ಲ ಅವರಿಗೆ ಅದೇ ಯೋಚನೆ.

ಪ್ಯಾಲೆಸ್ಟೈನಿನ ಹೈಫಾ ಊರಿಗಾಗಿ 1918ರ ಸೆಪ್ಟೆಂಬರ್ 23ರಂದು ನಡೆದ ಕದನ ನಮ್ಮ ಹಾಲಿನಲ್ಲಿ ನಾಲ್ಕು ದಿನ ನಡೆಯಿತು. ದಿಂಬಿನ ಮೇಲೆ ರಗ್ಗು ಹೊದಿಸಿದರೆ ಕಾರ್ಮೆಲ್ ಬೆಟ್ಟ. ನನ್ನ ನೀಲಿ ದುಪಟ್ಟಾ ಸಮುದ್ರ. ಹಸಿರು ದುಪಟ್ಟಾ ಕಿಶೋನ್ ಹೊಳೆ. ಮೆಣಸಿನಕಾಳು ಶತ್ರುಗಳ, ಅಂದರೆ ತುರ್ಕಿಯವರ, ಮೆಷಿನ್ ಗನ್ನು. ನಮ್ಮವರ ಬ್ರಿಗೇಡಿನಲ್ಲೇ ಇದ್ದ ಜೋಧಪುರದ ಸವಾರರಿಗೆ ಕಡಲೆಬೀಜ, ಮೈಸೂರಿನವರಿಗೆ ಹುರುಳಿಕಾಳು. ಕುದುರೆಗೆ ಹುರುಳಿ ತಾನೇ ಹಾಕೋದು ಅಂತ ಅಜ್ಜಿಯೇ ಕೊಟ್ಟ ಐಡಿಯಾ.

ನೆಲದ ಮೇಲೆ ಕಾಳು ಜೋಡಿಸಿದ ಮೇಲೇ ನನಗೂ ಕದನ ಅರ್ಥವಾಗಿದ್ದು. ಹೈಫಾ ಒಂದು ಬಂದರು ಪಟ್ಟಣ. ಅದು ಕೈಗೆ ಬಂದರೆ ಸೈನ್ಯಕ್ಕೆ ಬೇಕಾದ ಸಾಮಾನು ಸಮುದ್ರದಿಂದ ಇಳಿಸಬಹುದು. ಆದರೆ ಊರಿಗೆ ಹೋಗುವ ದಾರಿಯ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಳೆ. ಬೆಟ್ಟದ ಮೇಲೆ ಫಿರಂಗಿ. ಹೊಳೆಯ ದಡದಲ್ಲಿ ಕುದುರೆಯ ಕಾಲು ಹೂತುಹೋಗುವ ಮರಳು. ಇಕ್ಕಟ್ಟು ಅಂದರೆ ಇದೇ. ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಈಟಿ ಹಿಡಿದು ನೇರ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಸತ್ತದ್ದು ಇಲ್ಲೇ. ನಮ್ಮವರಲ್ಲಿ ಒಂದು ತುಕಡಿ ಫಿರಂಗಿಗಳ ಬಾಯಿ ಮುಚ್ಚಿಸಲು ಬೆಟ್ಟ ಹತ್ತಿತ್ತು. ಉಳಿದವರು ಕುದುರೆಯಿಂದ ಇಳಿದು, ಜೋಧಪುರದವರಿಗೆ ಆಸರೆಯಾಗಿ ಗುಂಡು ಹಾರಿಸಿದರು. ಆಮೇಲೆ ಕುದುರೆ ಹತ್ತಿ ಅವರ ಹಿಂದೆಯೇ ಊರಿಗೆ ನುಗ್ಗಿದರು.

ಭಾನುವಾರ ನನ್ನ ಅಣ್ಣ ಬಂದಿದ್ದ. ಎಲ್ಲ ಕೇಳಿಸಿಕೊಂಡು, "ಮುಂದೆ ನುಗ್ಗಿದ್ದು ಮೈಸೂರಿನೋರೇ ಅಂತ ಹೇಳೋ ಮರಿ. ಅಲ್ಲಿ ಯಾರಿಗೆ ಗೊತ್ತಾಗುತ್ತೆ?" ಅಂದ.

"ಇಲ್ಲ ಮಾವ. ಮುಂದೆ ಕಡಲೆಬೀಜ ಇದ್ದಿದ್ದು. ನಾನು ಹುರುಳಿ."

ಅಣ್ಣ ನನ್ನ ಮುಖ ನೋಡಿದ. ನಾನು ಕಾಫಿ ತರ್ತೀನಿ ಅಂತ ಎದ್ದೆ. ನಿಜ ಹೇಳಬೇಕು ಅಂದರೆ ನನಗೂ ಸ್ವಲ್ಪ ಆಸೆ ಇತ್ತು. ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲವನ್ನೂ ಮೈಸೂರಿನವರೇ ಮಾಡಿದರು ಅನ್ನುವ ಹಾಗೆ ಬರೆದಿರುವುದೂ ಸಿಗುತ್ತದೆ, ನಮ್ಮವರ ಹೆಸರೇ ಇಲ್ಲದಿರುವುದೂ ಸಿಗುತ್ತದೆ. ದೆಹಲಿಯ ತೀನ್ ಮೂರ್ತಿಯಲ್ಲಿ ಈ ಬ್ರಿಗೇಡಿನ ಪಡೆಗಳ ನೆನಪಿಗೆ ಮೂರು ಪ್ರತಿಮೆ ನಿಂತಿವೆ: ಜೋಧಪುರ, ಮೈಸೂರು, ಹೈದರಾಬಾದ್. ಅಲ್ಲಿ ಮೂವರೂ ಒಂದೇ ಎತ್ತರ.

ವೇಷಕ್ಕೆ ತಾತನ ಖಾಕಿ ಶರ್ಟು ಸಿಕ್ಕಿತು. ತೋಳು ನಾಲ್ಕು ಮಡಿಕೆ, ಮೇಲೆ ಬೆಲ್ಟು. ಜೇಬಿನಲ್ಲಿ ಯಾವ ಕಾಲದ್ದೋ ಟಿಕೆಟ್ಟಿನ ಚೂರು ಇತ್ತು, ಮಗ ಅದನ್ನು ತೆಗೆಯಲು ಬಿಡಲಿಲ್ಲ. ತಲೆಗೆ ನಾನು ಜರಿಯ ಮೈಸೂರು ಪೇಟ ತಂದೆ. "ಅಮ್ಮಾ, ನಾನು ದಸರಾಗೆ ಹೋಗ್ತಿಲ್ಲ" ಅಂತ ವಾಪಸ್ ಕೊಟ್ಟ. ಕೊನೆಗೆ ಮಣ್ಣಿನ ಬಣ್ಣದ ಹಳೆ ಪರದೆಯನ್ನು ತಾತ ರುಮಾಲಿನ ಹಾಗೆ ಸುತ್ತಿದರು. ನಿಜವಾದ ಈಟಿ ಸುಮಾರು ಒಂಬತ್ತು ಅಡಿ ಉದ್ದದ ಬಿದಿರು. ನಮ್ಮ ಜೇಡದ ಕೋಲು ಏಳಡಿ. ತುದಿಯ ಪೊರಕೆ ಬಿಚ್ಚಿ ರಟ್ಟಿನ ಮೊನೆ ಅಂಟಿಸಿದ. ಆಟೋದವರು ಯಾರೂ ಅದನ್ನು ಹತ್ತಿಸಿಕೊಳ್ಳಲಿಲ್ಲ. ಎರಡು ಕಿಲೋಮೀಟರ್ ನಡೆದೆವು.

ಟೆರೇಸಿನಲ್ಲಿ ರಾಯಣ್ಣ ಇಬ್ಬರು, ಕಿತ್ತೂರು ಚೆನ್ನಮ್ಮ ಒಬ್ಬಳು. ಒನಕೆ ಓಬವ್ವ ನಿಜವಾದ ಒನಕೆಯನ್ನೇ ತಂದಿದ್ದಳು, ಪಾಪ ಅವರಪ್ಪ ಹೊತ್ತುಕೊಂಡು ಬಂದಿದ್ದರು. ಅವರಿಗೆಲ್ಲ ಜೋರು ಡೈಲಾಗು, ಜೋರು ಚಪ್ಪಾಳೆ. ನಮ್ಮವನು ಎದ್ದು ನಿಂತು, "ನಾನು ಬೆಟ್ಟ ಹತ್ತಿದೆ" ಅಂತ ಶುರು ಮಾಡಿದ. ಮನೆಯಲ್ಲಿ ಬರೆದುಕೊಂಡಿದ್ದು ಬೇರೆ ಏನೋ. ಅರ್ಧಕ್ಕೆ ರುಮಾಲು ಕಿವಿಗೆ ಜಾರಿತು. ಒಂದು ಕೈಯಲ್ಲಿ ಹಿಡಿದುಕೊಂಡೇ ಲೆಕ್ಕ ಹೇಳಿದ. ಸುಮಾರು 1,350 ಕೈದಿಗಳು, 17 ಫಿರಂಗಿ. ನಮ್ಮ ಬ್ರಿಗೇಡಿನಲ್ಲಿ ಸತ್ತವರು 8, ಗಾಯ 34. ಸತ್ತ ಕುದುರೆಗಳು 60, ಗಾಯವಾದವು 83. ಕುದುರೆಗಳ ಲೆಕ್ಕವನ್ನು ಎರಡು ಸಲ ಹೇಳಿದ. ಮರೆತು ಹೇಳಿದನೋ ಬೇಕಂತಲೇ ಹೇಳಿದನೋ ನಾನು ಕೇಳಲಿಲ್ಲ.

ಓಬವ್ವ ಕೈ ಎತ್ತಿದಳು. "ನಿನ್ನ ಹೆಸರೇನು?"

ಅವನು ನನ್ನ ಕಡೆ ನೋಡಿದ. ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ. ಗೊತ್ತಿಲ್ಲದ ಹೆಸರು ಕಟ್ಟಬಾರದು ಅಂತ ನಾನೇ ಹೇಳಿದ್ದೆ.

"ಸವಾರ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಕುದುರೆ ಹೆಸರು ಹುರುಳಿ."

"ಅದು ಯಾರ ಯುದ್ಧ? ಅಲ್ಲಿಗೆ ಯಾಕೆ ಹೋದೆ?" ಇದು ಒಬ್ಬ ರಾಯಣ್ಣನ ಪ್ರಶ್ನೆ. ಬ್ರಿಟಿಷರ ವಿರುದ್ಧ ಹೋರಾಡಿದವನು ಕೇಳಲೇಬೇಕಾದ ಪ್ರಶ್ನೆ ಅಲ್ವಾ! ದೊಡ್ಡವರೆಲ್ಲ ಮಾತು ನಿಲ್ಲಿಸಿದರು.

"ಮಹಾರಾಜರು ಕಳಿಸಿದ್ರು, ಹೋದೆ. ಕುದುರೇನ ಯಾರೂ ಕೇಳಲಿಲ್ಲ."

ರಾಯಣ್ಣನಿಗೆ ಆ ಉತ್ತರ ಸಾಲಲಿಲ್ಲ. ಇಬ್ಬರೂ ಊಟದ ಹೊತ್ತಿನಲ್ಲೂ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಮೂಲೆಯಲ್ಲಿ ವಾದ ಮಾಡುತ್ತಿದ್ದರು. ನಾನು ಹತ್ತಿರ ಹೋಗಲಿಲ್ಲ.

ಹೈಫಾದ ಮೈಸೂರು ಪಡೆ ಮಾರನೇ ದಿನ ಹುರುಳಿ ಸಾರಾಯಿತು. ಕೋಲಿಗೆ ಅಜ್ಜಿ ಮತ್ತೆ ಪೊರಕೆ ಕಟ್ಟಿಕೊಂಡರು. ಮುಂದಿನ ಸಲ ಯಾರಾಗ್ತೀಯ ಅಂತ ಕೇಳಿದೆ. ಹೈದರಾಬಾದ್ ಲ್ಯಾನ್ಸರ್ ಅಂದ. ಅವರು ಆ ದಿನ ಕದನದಲ್ಲೇ ಇರಲಿಲ್ಲ, ಮೊದಲೇ ಸಿಕ್ಕಿದ್ದ ಕೈದಿಗಳನ್ನು ಸಾಗಿಸುತ್ತಿದ್ದರು.

"ಅವನ ಹತ್ರ ಹೇಳೋಕೆ ಏನಿರುತ್ತೋ?"

"ಅಷ್ಟು ಜನಕ್ಕೆ ನೀರು ಎಲ್ಲಿಂದ ತಂದ ಅಂತ" ಅಂದ.