ಇವರಲ್ಲಿ ನಿಮ್ಮ ಸ್ವಂತ ಮಕ್ಕಳು ಯಾರು?

ಹೇಳುವುದಿಲ್ಲ.

ಉತ್ತರ ಇಷ್ಟೇ. ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ, ಸಿಟಿ ಬಸ್ಸಿನಲ್ಲಿ, ಶಾಲೆಯ ಪಾಲಕರ ಸಭೆಯಲ್ಲಿ, ಕಡೆಗೆ ಚರ್ಚಿನ ಬಾಗಿಲಲ್ಲೂ ಬಾಯಿಬಿಟ್ಟು ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹುಬ್ಬಳ್ಳಿಯ ಹೊರಗೆ ನಾನೂ ನನ್ನ ಯಜಮಾನರೂ ಒಂದು ಮನೆ ನಡೆಸುತ್ತೇವೆ. ಆಶ್ರಮವಲ್ಲ, ಹಾಸ್ಟೆಲ್ಲೂ ಅಲ್ಲ. ಎಂಟು ಮಕ್ಕಳು, ಒಂದು ಅಡುಗೆಮನೆ, ಬೆಳಿಗ್ಗೆ ಒಂದೇ ಬಚ್ಚಲಿಗೆ ಎಂಟು ಜನರ ಪಾಳಿ. ಆರು ಜನ, ಆಸರೆಯಿಲ್ಲದ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಸರ್ಕಾರಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಂದವರು. ಅವರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕವರಿದ್ದಾರೆ, ತಂದೆತಾಯಿ ಇಲ್ಲದವರಿದ್ದಾರೆ, ಇದ್ದೂ ಮನೆಯಲ್ಲಿರಲಾಗದವರಿದ್ದಾರೆ. ಇನ್ನಿಬ್ಬರು ನಾನು ಹೆತ್ತವರು. 2015ರ ಬಾಲನ್ಯಾಯ ಕಾಯ್ದೆ ಇಂಥ ಮನೆಗಳಿಗೆ ಜಾಗ ಕೊಟ್ಟಿದೆ. ಇಂಥ ಒಂದು ಮನೆಯಲ್ಲಿ ಎಂಟರ ಮೇಲೆ ಮಕ್ಕಳಿರಬಾರದು ಎನ್ನುತ್ತದೆ ಸರ್ಕಾರದ ಮಾರ್ಗಸೂಚಿ, ಆ ಎಂಟರಲ್ಲಿ ಹೆತ್ತ ಮಕ್ಕಳೂ ಸೇರಿಯೇ. ಸರ್ಕಾರವೇ ಎಲ್ಲರನ್ನೂ ಒಟ್ಟಿಗೆ ಎಣಿಸುವಾಗ ನಿಮ್ಮದೇನು ರಗಳೆ?

ಇನ್ನು ಕೇಳುವ ಪರಿ. ಮಕ್ಕಳು ಅಲ್ಲೇ ನಿಂತಿರುತ್ತಾರೆ, ಇವರು ದನಿ ಇಳಿಸುತ್ತಾರೆ. ದೊಡ್ಡವರ ದನಿ ಇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ ಎಂಬುದು ಮಕ್ಕಳಿದ್ದವರಿಗೆಲ್ಲ ಗೊತ್ತಿರಬೇಕು. ಇನ್ನು ಕೆಲವರು ಕೇಳುವುದೇ ಇಲ್ಲ, ಮೂಗು ಬಣ್ಣ ನೋಡಿ ತಾವೇ ಹುಡುಕಲು ಹೊರಡುತ್ತಾರೆ. 'ಇಂವಾ ನೋಡ್ರಿ, ನಿಮ್ಮ ಯಜಮಾನ್ರ ಪಡಿಯಚ್ಚು!' ಎಂದು ಒಬ್ಬರು ಬೆರಳಿಟ್ಟು ತೋರಿಸಿದ ಹುಡುಗ ಯಾವುದೋ ರೈಲಿನಿಂದ ಇಳಿದು ಬಂದವನು. ಆಮೇಲೆ ಎಷ್ಟೋ ದಿನ ಅವನು ನಮ್ಮ ಯಜಮಾನರ ಹಾಗೆ ಕೈ ಹಿಂದೆ ಕಟ್ಟಿಕೊಂಡೇ ಓಡಾಡಿದ.

ಒಮ್ಮೆ ಒಂದು ಕುಟುಂಬ ಮಗನ ಹುಟ್ಟುಹಬ್ಬ ಮಾಡಲು ನಮ್ಮಲ್ಲಿಗೆ ಬಂತು. ಹಾಗೆ ಬರುವವರು ಬಹಳ ಜನ. ಫೋನಿನಲ್ಲಿ 'ಎಷ್ಟ ಮಂದಿ ಅನಾಥ ಮಕ್ಕಳ ಅದಾರ್ರೀ?' ಎಂದು ಕೇಳಿದ್ದರಂತೆ, ಯಜಮಾನರು ಆರು ಎಂದಿದ್ದರಂತೆ. ಆರು ಸ್ಕೂಲ್ ಬ್ಯಾಗು ತಂದಿದ್ದರು. ನೋಡಿದರೆ ಚಾಪೆಯ ಮೇಲೆ ಎಂಟು ಜನ ಕೂತಿದ್ದಾರೆ. ಆ ತಾಯಿ ಒಮ್ಮೆ ಬ್ಯಾಗು ಎಣಿಸಿದರು, ಒಮ್ಮೆ ಮಕ್ಕಳನ್ನು ಎಣಿಸಿದರು, ಆಮೇಲೆ ನನ್ನ ಪಕ್ಕಕ್ಕೆ ಸರಿದು, 'ಅಕ್ಕಾರ, ಇವ್ರಾಗ ನಿಮ್ಮ ಸ್ವಂತ ಮಕ್ಕಳು ಯಾರ್ರೀ? ಅವ್ರಿಗೇನ ಬ್ಯಾಡಲ್ಲ?' ಎಂದರು.

ಕೆಟ್ಟ ಮನಸ್ಸಲ್ಲ, ಲೆಕ್ಕ ಕೂಡಿರಲಿಲ್ಲ ಅಷ್ಟೇ. 'ಚೀಟಿ ಎತ್ತಿಸೋಣ್ರಿ' ಎಂದೆ. ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಎಂಟು ಚೀಟಿ ಮಡಚಿ, ಅವಲಕ್ಕಿ ಡಬ್ಬಿಗೆ ಹಾಕಿ ಕುಲುಕಿದೆವು. ನಾನು ಹೆತ್ತ ಇಬ್ಬರಿಗೂ ಬ್ಯಾಗು ಬಂತು. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಹೆಚ್ಚು. ಸಿಗದ ಇಬ್ಬರಲ್ಲಿ ಒಬ್ಬಳು ರಾತ್ರಿ ಊಟ ಬಿಟ್ಟಳು. ಮರುದಿನ ದುರ್ಗದಬೈಲಿಗೆ ಹೋಗಿ ನಾನೇ ಇನ್ನೆರಡು ತಂದೆ. ಅವುಗಳ ಬಣ್ಣ ಚೆಂದವಿದೆ ಎಂದು ಉಳಿದ ಆರು ಜನ ಜಗಳ ತೆಗೆದರು.

ಅದೇ ದಿನ ಕೇಕು ಕತ್ತರಿಸುವಾಗ ಮೊಬೈಲು ಮೇಲೆದ್ದಿತು. ಬೇಡ ಎಂದೆ. ಇಂಥ ಮಕ್ಕಳ ಗುರುತು ಸಿಗುವ ಚಿತ್ರ ಪ್ರಕಟಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 'ಸ್ಟೇಟಸ್ಸಿಗೆ ಅಷ್ಟ ಹಾಕ್ತೇವ್ರೀ' ಎಂದರು.

ಇದರ ಬೆನ್ನಿಗೇ ಬರುವ ಪ್ರಶ್ನೆ: ಎಲ್ಲರನ್ನೂ ಕ್ರಿಶ್ಚಿಯನ್ ಮಾಡ್ತೀರೇನು? ನಾವು ಕ್ರೈಸ್ತರು. ಸಂಜೆ ಪ್ರಾರ್ಥನೆ ಮಾಡುತ್ತೇವೆ, ಬೈಬಲ್ ಓದುತ್ತೇವೆ, ಮಕ್ಕಳು ಅದನ್ನು ಕೇಳುತ್ತಲೇ ಬೆಳೆಯುತ್ತಾರೆ. ಅದರ ಪ್ರಭಾವವೇ ಇಲ್ಲ ಎಂದರೆ ಸುಳ್ಳು. ಆದರೆ ಯಾರ ಹೆಸರೂ ಬದಲಾಗುವುದಿಲ್ಲ, ಬಂದ ಮಕ್ಕಳಿಗೆ ದೀಕ್ಷಾಸ್ನಾನವೂ ಇಲ್ಲ. ಒಬ್ಬ ರಂಜಾನಿನಲ್ಲಿ ರೋಜಾ ಹಿಡಿಯುತ್ತಾನೆ, ಅವನಿಗಾಗಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವವಳು ನಾನೇ. ರೋಜಾ ಎರಡು ದಿನಕ್ಕೆ ಬಿಟ್ಟರೆ ಅದು ಅವನ ಹೊಟ್ಟೆಯ ಕೆಲಸ, ನನ್ನ ಬೋಧನೆಯದ್ದಲ್ಲ.

ಕ್ರೈಸ್ತರ ಅನಾಥಾಲಯ ಎಂದರೆ ಸಾಲು ಮಂಚ, ಸಾಲು ತಟ್ಟೆ ಎಂದುಕೊಂಡಿರುತ್ತೀರಿ. ಅದಕ್ಕೂ ಕಾರಣವಿದೆ. ನಮ್ಮ ಚರ್ಚಿನ ಬೋಧನೆಗಳಲ್ಲಿ ಪದೇಪದೇ ಬರುವ ಕ್ರೈಸ್ತ ಬೋಧಕ ಜಾರ್ಜ್ ಮುಲ್ಲರ್ 1849ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಆಶ್ಲಿ ಡೌನಿನಲ್ಲಿ ತೆರೆದ ಮೊದಲ ಕಟ್ಟಡವೇ 300 ಮಕ್ಕಳಿಗಾಗಿ. ಐದು ಕಟ್ಟಡ ಎದ್ದು ನಿಂತಾಗ 2000 ಮಕ್ಕಳಿಗೆ ಜಾಗವಾಗಿತ್ತು. ಆದರೆ 1895ರಲ್ಲಿ ಬೆಂಗಳೂರಿಗೆ ಬಂದ ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್, ಮುಂದೆ ತಿರುನೆಲ್ವೇಲಿ ಸೀಮೆಗೆ ಹೋಗಿ 1901ರಿಂದ ಮಕ್ಕಳನ್ನು ಸಾಕತೊಡಗಿದರು. ಅಲ್ಲಿಯ ಡೋನಾವೂರಿನಲ್ಲಿ ಚಿಕ್ಕ ಚಿಕ್ಕ ಮನೆಗಳಾದವು, ನೋಡಿಕೊಳ್ಳುವವರು ಮಕ್ಕಳಿಗೆ ಅಕ್ಕಂದಿರಾದರು, ಎಲ್ಲರಿಗೂ ಏಮಿಯೇ ಅಮ್ಮ. ಅವರು ಮದುವೆಯೇ ಆಗಲಿಲ್ಲ, ಹಾಗಾಗಿ ಈ ಪ್ರಶ್ನೆಯಿಂದ ಪಾರಾದರು.

ನನ್ನನ್ನು ಕೇಳಲೇಬೇಕೆಂದಿದ್ದರೆ ಬೇರೊಂದು ಕೇಳಿ. ಇವರ ತಾಯಂದಿರು ಎಲ್ಲಿದ್ದಾರೆ?

ಆರರಲ್ಲಿ ಮೂವರ ತಾಯಂದಿರು ಬದುಕಿದ್ದಾರೆ. ಒಬ್ಬಳು ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಾಳೆ, ಗಂಡ ಸತ್ತಿದ್ದಾನೆ. ಮಗಳನ್ನು ನೋಡಲು ಬಂದಾಗ ಮೊದಲು ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಾಳೆ. ಆದರೂ ಬೆರಳಿನ ಖಾರ ಹೋಗುವುದಿಲ್ಲ. ಅವ್ವ ಕೆನ್ನೆ ಸವರಿದಳು ಎಂದರೆ ಹುಡುಗಿಯ ಕಣ್ಣಲ್ಲಿ ನೀರು. ನೋಡಿದವರು ಅಗಲಿಕೆಯ ದುಃಖ ಎಂದು ತಾವೂ ಮೂಗು ಒರೆಸಿಕೊಳ್ಳುತ್ತಾರೆ.

ಆ ಹೆಂಗಸಿಗೆ ಮಗಳು ಬೇಡವಾಗಿರಲಿಲ್ಲ. ಕೆಲಸಕ್ಕೆ ಹೋದಾಗ ಹುಡುಗಿಯನ್ನು ಬಿಡಲು ಜಾಗವಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥವರಿಗೇ ಎಂದು ಪ್ರಾಯೋಜಕತ್ವದ ಹಣವಿದೆ: ವಿಧವೆಯೋ ಗಂಡ ಬಿಟ್ಟವಳೋ ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಂಡು ಬೆಳೆಸಲು ತಿಂಗಳಿಗೆ 4000 ರೂಪಾಯಿ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಅವಳಿಗೆ ಯಾರೂ ಹೇಳಿರಲಿಲ್ಲ. ಕೇಕು ತರುವವರಲ್ಲೂ ಎಷ್ಟು ಜನಕ್ಕೆ ಗೊತ್ತೋ! ಮಗುವನ್ನು ತಾಯಿಯಿಂದ ದೂರ ಇಟ್ಟರೆ ಊರೆಲ್ಲ ದಾನ ಹೊತ್ತು ಬರುತ್ತದೆ. ತಾಯಿಯ ಜೊತೆ ಅದೇ ಓಣಿಯಲ್ಲಿ ಉಳಿದರೆ ಒಬ್ಬರೂ ಹೊಸ್ತಿಲು ತುಳಿಯುವುದಿಲ್ಲ.

ಈಗ ಅರ್ಜಿ ಹಾಕಿಸಿದ್ದೇನೆ. ಮಂಜೂರಾದರೆ, ಸಮಿತಿ ಒಪ್ಪಿದರೆ, ಹುಡುಗಿ ಅವ್ವನ ಹತ್ತಿರ ಹೋಗುತ್ತಾಳೆ. ಆಗ 'ನಿಮಗ ಸಂಕಟ ಆಗೂದಿಲ್ಲೇನ್ರೀ' ಎಂದು ಇನ್ನೊಂದು ಪ್ರಶ್ನೆ ಶುರು ಮಾಡಬೇಡಿ, ದಯವಿಟ್ಟು.

ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಹುಬ್ಬಳ್ಳಿಯವರು ಧಾರವಾಡಕ್ಕೆ ಹೋಗಬೇಕು. ನಿಮ್ಮ ಓಣಿಯಲ್ಲಿ ಅಂಥವಳೊಬ್ಬಳಿದ್ದರೆ ಜೊತೆಗೆ ಹೋಗಿ. ಆಧಾರ್, ಗಂಡನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಎಲ್ಲದರ ಜೆರಾಕ್ಸ್ ಎರಡೆರಡು ಇರಲಿ. ಅವಳ ಒಂದು ದಿನದ ಕೂಲಿ ಹೋಗುತ್ತದಲ್ಲ, ಅದನ್ನೂ ಕೊಡಿ.