ಅಮ್ಮನ ಹೊಸ ಮಂಡಿ, ಕಾಲಿಗೆ ಕಟ್ಟಿದ ವಾಚು

ಅಮ್ಮಂಗೆ ಮಂಡಿ ಆಪರೇಷನ್ ಆಗಿ ಹತ್ತು ವಾರ ಆಯ್ತು. ಆಗಿದ್ದು ಮಂಗಳೂರಲ್ಲಿ, ಮನೆ ಇರೋದು ತೀರ್ಥಹಳ್ಳಿಯಿಂದ ಒಳಗೆ, ವಾರಕ್ಕೆ ಮೂರು ಸಲ ಆಗುಂಬೆ ಘಾಟಿ ಇಳ್ಕೊಂಡು ಫಿಸಿಯೋಥೆರಪಿಗೆ ಹೋಗೋದು ಆಗದ ಮಾತು, ಹಂಗಾಗಿ ಎಲ್ಲಾ ವಿಡಿಯೋ ಕಾಲಲ್ಲೇ.

ಫೋನಲ್ಲಿ ಕಾಲು ನೋಡಿ ಏನ್ ಗೊತ್ತಾಗುತ್ತೆ ಅಂತ ನಂಗೆ ಡೌಟಿತ್ತು. ಮೊದಲ್ನೇ ದಿನ ಇಪ್ಪತ್ತು ನಿಮಿಷ ಫೋನ್ ಇಡೋದ್ರಲ್ಲೇ ಹೋಯ್ತು. ಮಂಡಿ ಎಷ್ಟು ಮಡಚುತ್ತೆ ಅಂತ ನೋಡ್ಬೇಕಂದ್ರೆ ಕ್ಯಾಮೆರಾ ಪಕ್ಕದಲ್ಲಿ, ಮಂಡಿ ಎತ್ತರಕ್ಕೇ ಇರ್ಬೇಕಂತೆ, ಕೊನೆಗೆ ಸ್ಟೂಲ್ ಮೇಲೆ ಅವಲಕ್ಕಿ ಡಬ್ಬಿಗೆ ಒರಗಿಸಿ ಇಟ್ವಿ. ಸಿಗ್ನಲ್ ಸಿಗೋದು ಜಗಲೀಲಿ ಮಾತ್ರ, ತೋಟಕ್ಕೆ ಹೋಗೋರೆಲ್ಲ ನಿಂತು ನೋಡೋರು! ಆದ್ರೆ ಅಮ್ಮ ಮಂಡಿ ಕೆಳಗೆ ದಿಂಬು ಇಟ್ಕೊಂಡು ಮಲಗ್ತಿದ್ದಿದ್ದು ಆ ಫಿಸಿಯೋ ಹುಡುಗನ ಕಣ್ಣಿಗೆ ಬಿದ್ದಿದ್ದು ವಿಡಿಯೋ ಕಾಲಲ್ಲೇ. "ಹಾಯಾಗಿರುತ್ತೆ ನಿಜ, ಆದ್ರೆ ಕಾಲು ನೆಟ್ಟಗಾಗಲ್ಲ ಅಮ್ಮಾ, ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ" ಅಂದ. ಒಂದಿನ ಮೀನಖಂಡ ಊದಿದೆ, ನೋವು ಅಂದ ತಕ್ಷಣ ಎಕ್ಸರ್‌ಸೈಜ್ ನಿಲ್ಸಿ, ರಕ್ತ ಹೆಪ್ಪುಗಟ್ಟಿದ್ರೆ ಕಷ್ಟ, ಇವತ್ತೇ ಹೋಗಿ ಸ್ಕ್ಯಾನ್ ಮಾಡ್ಸಿ ಅಂತ ಓಡಿಸಿದ. ಪುಣ್ಯಕ್ಕೆ ಏನೂ ಇರ್ಲಿಲ್ಲ.

ನಿಜವಾದ ತಲೆನೋವು ಶುರುವಾಗಿದ್ದು ನೋವು ಕಮ್ಮಿ ಆದ್ಮೇಲೆ. ಎಂಟು ವರ್ಷ ಮಂಡಿ ಹಿಡ್ಕೊಂಡು ಬದುಕಿದೋಳು, ನೀರು ಬೇಕಂದ್ರೂ ಯಾರನ್ನಾದ್ರೂ ಕರೆಯೋ ಅಭ್ಯಾಸ, ಮಂಡಿ ಹೊಸದು ಬಂದ್ರೂ ಕೂತಲ್ಲೇ ಕೂರೋದು. ನಾನು ಸ್ಟೆಪ್ಸ್ ಎಣಿಸೋ ವಾಚ್ ತಂದೆ. ವಾಕರ್ ಹಿಡ್ಕೊಂಡು ಜಗಲಿ ಉದ್ದಕ್ಕೂ ಹತ್ತು ಸಲ ಓಡಾಡಿದ್ರೂ ಅದು ತೋರ್ಸಿದ್ದು ನಲವತ್ತೇ ಹೆಜ್ಜೆ, ಅಮ್ಮಂಗೆ ಕೆಟ್ಟ ಕೋಪ. ವಾಕರ್ ಮೇಲೆ ಕೈ ಇದ್ರೆ ಕೈ ಬೀಸಲ್ವಲ್ಲ, ಅದಕ್ಕೇ ಲೆಕ್ಕ ತಪ್ಪುತ್ತೆ, ಕಾಲಿಗೆ ಕಟ್ಟಿ ಅಂದ ಆ ಹುಡುಗ. ಕಾಲ್ಗೆಜ್ಜೆ ಥರ ಕಟ್ಕೊಂಡ್ಲು.

ನನ್ನ ತಲೇಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಲೆಕ್ಕ. ಆ ನಂಬರ್ ಬಂದಿದ್ದೇ 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ 'ಮಾನ್ಪೊ-ಕೇ' ಅನ್ನೋ ಹೆಜ್ಜೆ ಎಣಿಸೋ ಮೆಷಿನ್ನಿಂದ, ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ. ಅಮ್ಮಂಗೆ ಫಿಸಿಯೋ ಹುಡುಗ ಕೊಟ್ಟ ಗುರಿ ಈ ವಾರಕ್ಕಿಂತ ಮುಂದಿನ ವಾರ ದಿನಕ್ಕೆ ಇನ್ನೂರು ಜಾಸ್ತಿ, ಅಷ್ಟೇ, ಸಂಜೆ ಊತ ಬಂದ್ರೆ ಐಸ್ ಇಟ್ಟು ಮಾರನೇ ದಿನ ಕಮ್ಮಿ. ಒಂಬೈನೂರರಿಂದ ಶುರುವಾಗಿ ಈಗ ಎರಡು ಸಾವಿರ ದಾಟಿದೆ, ಕೋಲು ಹಿಡ್ಕೊಂಡು ಮಲ್ಲಿಗೆ ಗಿಡದ ತನಕ ಒಬ್ಳೇ ಹೋಗ್ತಾಳೆ.

ಆದ್ರೆ ವಾಚ್ ಚಾರ್ಜಿಗಿದ್ರೆ ಮಾತ್ರ ಏಳೋದಿಲ್ಲ. "ಲೆಕ್ಕಕ್ಕೇ ಬರಲ್ಲ ಮಾರಾಯ್ತಿ, ಸುಮ್ನೆ ಯಾಕೆ ನಡೀಲಿ" ಅಂತಾಳೆ.